ಎಂಜಲು

ಮೊದಲು ಎಂಜಲು. ನಗಬೇಡಿ.
ಮದ್ಯಸಾರ ಸೋಕಿದರೆ ಕರಗಿಬಿಡುವ ಕೆನ್ನೆ ಇದು.
ಹತ್ತಿ ಸುತ್ತಿದ ಕಡ್ಡಿಯನ್ನು ನಾಲಗೆಗೊತ್ತಿ
ನಾಲ್ಕು ಶತಮಾನದ ಮೇಣದ ಹೊಗೆಯನ್ನು
ಬೆರಳಗಲ ಬೆರಳಗಲ ಒರೆಸುವುದು ನನ್ನ ಕೆಲಸ.
ಇವತ್ತು ಬೆಳಗಿನಿಂದ ಹನ್ನೊಂದು ಕಡ್ಡಿ,
ರಾಣಿಯ ಹಣೆಗೇ.

ಬೆಳ್ಳುಳ್ಳಿ ಬಿಟ್ಟಿದ್ದೇನೆ, ಕಾಫಿಯನ್ನೂ.
ಅರಸಿಯ ಮುಖಕ್ಕೆ ನನ್ನ ಬಾಯಿಯ ನೀರು:
ಅವಳಿದ್ದ ಕಾಲಕ್ಕೆ ಕೈ ಕಡಿಯುತ್ತಿದ್ದರು.

ಬುರ್ಗೋಸ್ ಕಡೆಯ ಮಠದಿಂದ ಬಂದದ್ದು,
ಕುರಿಗಂಬಳಿ ಹೊದ್ದು, ತರಕಾರಿಯ ವ್ಯಾನಿನಲ್ಲಿ.
ಅಲ್ಲಿಯ ಸನ್ಯಾಸಿನಿಯರು ಮಾತೆ ಮರಿಯಳೆಂದೇ ತಿಳಿದು
ಅಜ್ಜಿಯರ ಕಾಲದಿಂದ ಬತ್ತಿ ಹಚ್ಚಿದ್ದಾರೆ.
ಹಚ್ಚಿದಷ್ಟೂ ಕಪ್ಪಾದಳು, ಕಪ್ಪಾದಷ್ಟೂ ಮರಿಯಳಾದಳು.
ಕಳಿಸಿಕೊಡುವಾಗ ಮುದುಕಿ ಒಬ್ದೂಲಿಯಾ
ಕಂಬಳಿಯ ಅಂಚು ಎಳೆದು, ‘ಮಗುವಿಗೆ ಗಾಳಿ ತಾಗೀತು’ ಎಂದಳು.
ಹಿಂದಿನ ಪಟ್ಟಿಯ ಮೇಲಿದ್ದ ಹೆಸರನ್ನು ಹುಳು ತಿಂದಿದೆ;
ದೊನ್ಯಾ ಎಂಬ ಗೌರವವೊಂದು ಉಳಿದು
ಆಮೇಲೆ ತೂತು, ತೂತು, ತೂತು.

ಗಂಟೆಯಂಥ ಲಂಗದಲ್ಲಿ ನೆಟ್ಟಗೆ ನಿಂತಿದ್ದಾಳೆ,
ಬಿಳಿ ಕೊರಳಪಟ್ಟಿಯ ತಟ್ಟೆಯಲ್ಲಿ
ತಲೆ ಬಡಿಸಿಟ್ಟಂತೆ.
ಮಗುವಿನ ಸೊಂಟಕ್ಕೆ ದೃಷ್ಟಿ ತಾಗದಂತೆ ಏನೆಲ್ಲ:
ಹವಳದ ಕವಲು, ಬೆಳ್ಳಿ ಗೆಜ್ಜೆ, ಯಾವುದೋ ಕಾಡುಮೃಗದ ಪಂಜ,
ಕರಿಗಲ್ಲಲ್ಲಿ ಕೆತ್ತಿದ ಪುಟ್ಟದೊಂದು ಮುಷ್ಟಿ,
ಬೆರಳ ಸಂದಿನಿಂದ ಹೆಬ್ಬೆರಳು ಇಣುಕಿ
ಲೋಕಕ್ಕೆಲ್ಲ ಥೂ ಅನ್ನುತ್ತಿದೆ.

ಇಷ್ಟಾಗಿ, ತಾಯಿಯ ಕೈ ಮಗುವನ್ನು ಮುಟ್ಟಿಲ್ಲ.
ಅರ್ಧ ಇಂಚು ಆಚೆಗೇ ನಿಂತುಬಿಟ್ಟಿದೆ,
ಹೆಂಚು ಕಾದಿದೆಯೇ ಎಂದು ನೋಡುವವರ ಅಂಗೈಯಂತೆ.

ಬುಧವಾರ ಎಲಾದಿಯೋ ಕ್ಷ-ಕಿರಣದ ಹಾಳೆ ತಂದ.
ಬೆಳಕಿಗೆ ಹಿಡಿದೆವು.
ಬಣ್ಣದ ಅಡಿಯಲ್ಲಿ ಇನ್ನೊಂದು ಮಗು. ಅದೇ ಮಗು.
ಈಗಿನಂತೆ ನಮ್ಮನ್ನು ನೋಡುತ್ತಿಲ್ಲ:
ಕತ್ತು ಪೂರಾ ಎಡಕ್ಕೆ, ತುಟಿ ಬಿರಿದು,
ಚೌಕಟ್ಟಿನಾಚೆ ಯಾರನ್ನೋ ಕಂಡು
ಮೈಯೆಲ್ಲ ಅತ್ತ ವಾಲಿ.
ಚಿತ್ರಕಾರ ಕಂಡದ್ದನ್ನೇ ಬರೆದಿದ್ದ.
ಆಮೇಲೆ ಯಾರೋ ಬಾಗಿಲಲ್ಲಿ
ಗಂಟಲು ಸರಿಮಾಡಿಕೊಂಡಿರಬೇಕು;
ಸೀಸದ ಬಿಳಿ ಬಳಿದು ಕತ್ತು ತಿರುಗಿಸಿದ.

‘ನಾಯಿ ಇದ್ದಿರಬೇಕು,’ ಎಂದ ಎಲಾದಿಯೋ. ‘ಇಲ್ಲ, ಗಿಳಿ.’
ನಾಯಿಗೆ ಯಾವ ಕೂಸೂ ಹಾಗೆ ಬಾಯಿ ತೆರೆಯುವುದಿಲ್ಲ.
ಆ ತುಟಿಯ ಆಕಾರ ನನಗೆ ಗೊತ್ತು,
ಎರಡು ಬಾರಿ ಗೊತ್ತು.
ಬೆಟ್ಟದೂರಿಂದ ಕರೆಸಿದ ಹಾಲೂಡುವ ದಾದಿ,
ತೊರಿಬಿಯಾ ಅಂತಿಟ್ಟುಕೊಳ್ಳಿ,
ನಾನಿಟ್ಟ ಹೆಸರು, ಯಾವ ಕಡತದಲ್ಲೂ ಇಲ್ಲ,
ತನ್ನ ಕೂಸನ್ನು ಮೇಕೆಯ ಹಾಲಿಗೆ ಬಿಟ್ಟು ಬಂದವಳು
ಅಗಸೆಯೆಣ್ಣೆಯ ಘಾಟಿಗೆ ಮೂಗು ಮುಚ್ಚಿ
ಗೋಡೆಗೊರಗಿ ನಿಂತಿದ್ದಳು,
ಎದೆಯ ಬಳಿ ಒದ್ದೆಯಾಗುತ್ತಿದ್ದ ಅಂಗಿಯನ್ನು
ಶಾಲಿನಲ್ಲಿ ಮರೆಸುತ್ತ.

ಹಾಗೆಂದು ರಾಣಿಯನ್ನು ಬೈಯಲಾರೆ.
ಹದಿನೇಳೋ ಹದಿನೆಂಟೋ. ಕಿಟ್ಟ ಹೋದ ಮೇಲೆ
ಹುಬ್ಬಿನ ಪಕ್ಕ ಒಂದು ಮೊಡವೆ ಸಿಕ್ಕಿತು,
ಬರೆಯದಿರಲು ಆಗದೆ ಅವನು ಬರೆದದ್ದು.
ಮುಟ್ಟಿದರೆ ಅತ್ತೀತೆಂದು ಹೆದರಿದ ಕೈಯಿರಬಹುದು.
ಬಿಗಿದು ಕಟ್ಟಿದ ಪಟ್ಟಿಯೊಳಗೆ
ಇವಳದೂ ಸೋರಿತ್ತೋ ಏನೋ,
ಅದನ್ನು ತೋರುವ ಯಂತ್ರ ನಮ್ಮಲ್ಲಿಲ್ಲ.

ಶಾಲೆಯ ಬಾಗಿಲಲ್ಲಿ ಎಲ್ಲರೆದುರು ನನ್ನಮ್ಮ
ಕರವಸ್ತ್ರದ ತುದಿಗೆ ಉಗುಳು ಹಚ್ಚಿ
ನನ್ನ ಕೆನ್ನೆ ಉಜ್ಜುತ್ತಿದ್ದಳು.
ಸತ್ತುಹೋಗಬಾರದೇ ಅನಿಸುತ್ತಿತ್ತು,
ನಾನೋ ಅವಳೋ, ಈಗ ನೆನಪಿಲ್ಲ.
ಅದೇ ಕೆಲಸಕ್ಕೆ ಈಗ ಸರ್ಕಾರ ಸಂಬಳ ಕೊಡುತ್ತದೆ.

ಎಲ್ಲ ಒರೆಸಿದ ಮೇಲೆ ಒಂದು ಚೌಕ ಕೊಳೆ
ಹಾಗೇ ಬಿಡಬೇಕು, ಉಗುರಿನಷ್ಟು,
ಮೊದಲು ಹೇಗಿತ್ತೆಂದು ಹೇಳಲು.
ನಮ್ಮ ಕಸುಬಿನಲ್ಲಿ ಅದಕ್ಕೆ ಸಾಕ್ಷಿ ಎನ್ನುತ್ತಾರೆ.
ಇಲ್ಲಿಯ ವಾಡಿಕೆ ಕೆಳಗಿನ ಬಲಮೂಲೆ.
ನಾನು ಎಡದ ಅಂಚಿಗೆ ಬಿಟ್ಟೆ,
ನಿಂತ ಹೆಂಗಸಿನ ಎದೆಯ ಎತ್ತರಕ್ಕೆ.

ವರದಿಯಲ್ಲಿ ಕಾರಣ ಬರೆಯಲು ಜಾಗವಿತ್ತು.
ಗೆರೆ ಎಳೆದೆ.